ಎನ್‌ಎಫ್‌ಎಸ್ ಸರ್ವರ್: ನೇರ ಫೈಲಿಗೆ ಬರೆಯೋದಾ, ಕಾನ್ಫಿಗ್ ಮೂಲಕವಾ?

ಎನ್‌ಎಫ್‌ಎಸ್ ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಹಂಚಿಕೊಳ್ಳೋ ವ್ಯವಸ್ಥೆ. ಅದರ ಸರ್ವರಿನ ಸೆಟ್ಟಿಂಗ್ ಬದಲಿಸೋಕೆ ನಿಯಂತ್ರಣ ಫೈಲುಗಳಿಗೆ ನೇರ ಬರೆಯಬಹುದು, ಇಲ್ಲವೇ ಕಾನ್ಫಿಗ್ (ಸೆಟ್ಟಿಂಗ್ ಬರೆದಿಡೋ) ಫೈಲ್ ತಿದ್ದಬಹುದು. ಎರಡೂ ಬೇಕಾಗುತ್ತೆ, ಆದರೆ ಬೇರೆ ಬೇರೆ ಹೊತ್ತಿಗೆ.

ಲಿನಕ್ಸ್‌ನಲ್ಲಿ ಎನ್‌ಎಫ್‌ಎಸ್‌ಡಿ ಫೈಲ್‌ಸಿಸ್ಟಮ್ (ಈ ಸರ್ವರನ್ನು ನಿಯಂತ್ರಿಸೋ ವಿಶೇಷ ಫೈಲುಗಳ ಗುಂಪು) ಮೌಂಟ್ ಆಗಿದ್ದರೆ, ಅಂದರೆ ಸಿಸ್ಟಮ್‌ಗೆ ಜೋಡಿಸಿದ್ದರೆ, ಅದರ ‘ಥ್ರೆಡ್ಸ್’ ಫೈಲಿಗೆ 32 ಅಂತ ಬರೆದರೆ ಸಾಕು, ಸರ್ವರ್ ನಿಲ್ಲಿಸದೆಯೇ ಅಷ್ಟು ಥ್ರೆಡ್ (ಕ್ಲೈಂಟ್‌ಗಳ ಕೋರಿಕೆ ನಿಭಾಯಿಸೋ ಕೆಲಸಗಾರರ ಹಾಗೆ) ಓಡುತ್ತವೆ. ಅಪ್ಪಿತಪ್ಪಿ 0 ಬರೆದಿರೋ, ಸರ್ವರ್ರೇ ನಿಂತುಹೋಗುತ್ತೆ! ರೀಬೂಟ್ ಆದರೆ ಬರೆದದ್ದೆಲ್ಲ ಮಾಯ.

ಉಳಿಯಬೇಕು ಅಂದರೆ ಕಾನ್ಫಿಗ್ ಫೈಲೇ ಸರಿ. ಸರ್ವಿಸ್ ರೀಸ್ಟಾರ್ಟ್ ಮಾಡಬೇಕು, ಅಷ್ಟೇ. ಪ್ರೋಟೋಕಾಲ್ ವರ್ಷನ್ ಬದಲಿಸೋದಕ್ಕೂ ಇದೇ ಒಳ್ಳೆಯದು, ಯಾಕಂದ್ರೆ ‘ವರ್ಷನ್ಸ್’ ಫೈಲಿಗೆ ನೇರವಾಗಿ ಬರೆಯಬೇಕಾದರೂ ಮೊದಲು ಸರ್ವರ್ ನಿಲ್ಲಿಸಲೇಬೇಕು, ಹಾಗಾಗಿ ಸುಮ್ನೆ ಕಷ್ಟಪಟ್ಟು ಲಾಭ ಇಲ್ಲ ಅಲ್ವಾ?

ಡಿಸ್ಕ್ ಅನ್‌ಮೌಂಟ್ ಮಾಡಬೇಕು, ಕ್ಲೈಂಟ್ ಫೈಲುಗಳ ಮೇಲೆ ಹಾಕಿದ ಲಾಕ್ ಬಿಡ್ತಿಲ್ಲ ಅನ್ನುವಾಗ ಮಾತ್ರ ‘ಅನ್‌ಲಾಕ್ ಫೈಲ್‌ಸಿಸ್ಟಮ್’ ಫೈಲಿಗೆ ಆ ಡಿಸ್ಕ್ ಮೌಂಟ್ ಆಗಿರೋ ಪಾತ್ ಬರೆಯಿರಿ. ಇದು ಕಾನ್ಫಿಗ್‌ನಿಂದ ಆಗೋ ಕೆಲಸವಲ್ಲ.