ಲೋಗೋದಲ್ಲೇ ನಿಲ್ಲುವ ಹಳೇ ಲ್ಯಾಪ್‌ಟಾಪ್: ಫಾರ್ಮ್ಯಾಟ್, ರ‍್ಯಾಮ್, ಎಸ್‌ಎಸ್‌ಡಿ, ಇಲ್ಲಾ ಬೇರೆಯದೇ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ, ಒಳಗೆ ತಿರುಗುವ ಭಾಗಗಳಿಲ್ಲದ ಡ್ರೈವಿಗೆ. ಅಮ್ಮ ಬಳಸುವುದು ಐದನೇ ಜನರೇಷನ್ ಐ3. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತಿತ್ತು, ಕೆಳಗಿನ ಚುಕ್ಕಿಗಳು ಸ್ವಲ್ಪ ಹೊತ್ತು ಸುತ್ತಿ ಅಲ್ಲೇ ನಿಂತುಬಿಡುತ್ತಿದ್ದವು. ಹಾರ್ಡ್ ಡಿಸ್ಕಿನ ಪುಟ್ಟ ಲೈಟು ಮಿನುಗದೆ ಒಂದೇ ಸಮ ಉರಿಯುತ್ತಿತ್ತು. ಕೀಬೋರ್ಡಿನ ಕೆಳಗೆ, ಎಡಗೈ ಊರುವ ಜಾಗಕ್ಕೆ ಕಿವಿ ಕೊಟ್ಟರೆ ಒಳಗಿಂದ ಟಿಕ್, ಟಿಕ್.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಗಡಿಗೊಂದು ಮಾತು. ಫಾರ್ಮ್ಯಾಟ್ ಹೊಡೆಯೋಣ ಎಂದವರೊಬ್ಬರು, ರ‍್ಯಾಮ್ ಸಾಲಲ್ಲ ಎಂದವರೊಬ್ಬರು.

ಫಾರ್ಮ್ಯಾಟ್, ಅಂದರೆ ಸಿ ಡ್ರೈವನ್ನು ಅಳಿಸಿ ವಿಂಡೋಸ್ ಮತ್ತೆ ಹಾಕುವುದು, ಅಗ್ಗ. ಅಮ್ಮನ ಫೈಲುಗಳು ಡಿ ಡ್ರೈವಿನಲ್ಲಿದ್ದವು, ಹಾಗಾಗಿ ಅದನ್ನೇ ಮೊದಲು ಮಾಡಿಸಿದ್ದು. ಸ್ವಲ್ಪ ದಿನ ಚೆನ್ನಾಗೇ ಇತ್ತು, ಆಮೇಲೆ ಅದೇ ರಾಗ, ಅದೇ ತಾಳ.

ರ‍್ಯಾಮ್ ಕಮ್ಮಿ ಇದ್ದರೆ ಕೆಲಸ ನಿಧಾನ ಆಗುತ್ತದೆ, ಲೋಗೋದಲ್ಲೇ ಕೂರುವುದಿಲ್ಲ. ಹಾಕಿಸುವುದಾದರೂ ಈ ಕಾಲದ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಅಂತಲೇ ಕೇಳಿ ತನ್ನಿ.

ಅನುಮಾನ ಬಗೆಹರಿದದ್ದು ಪೆನ್ ಡ್ರೈವಿನಿಂದ. ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟನ್ನು ಅದಕ್ಕೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಸುಮ್ನೆ ಅದರಿಂದಲೇ ಬೂಟ್ ಮಾಡಿದೆ. ಎಲ್ಲೂ ನಿಲ್ಲಲಿಲ್ಲ. ಅಂದಮೇಲೆ ಬೋರ್ಡು, ರ‍್ಯಾಮ್ ಸರಿಯಿರಬೇಕು, ಅಲ್ವಾ? ಅದರಲ್ಲೇ ಇರುವ ಡಿಸ್ಕ್ಸ್ ಟೂಲ್ ತೆಗೆದು ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ರಿಪೋರ್ಟ್ ನೋಡಿದರೆ ಓದಲಾಗದ ಸೆಕ್ಟರುಗಳ (ಡೇಟಾ ಇಡುವ ಪುಟ್ಟ ಪುಟ್ಟ ಭಾಗಗಳ) ಲೆಕ್ಕ ಎದ್ದು ಕಾಣುತ್ತಿತ್ತು.

ಸರಿ, ಎಸ್‌ಎಸ್‌ಡಿ. ಇದರಲ್ಲಿ ತಲೆ ತಿಂದಿದ್ದು ಕ್ಲೋನಿಂಗ್ ಒಂದೇ. "ಇರೋದನ್ನ ಹಾಗೇ ಹೊಸದಕ್ಕೆ ಇಳಿಸಿ ಕೊಡ್ತೀನಿ, ಸಂಜೆ ಬನ್ನಿ ಸರ್" ಅಂದರು ಅಂಗಡಿಯವರು. ಸಂಜೆ ಹೋದರೆ ಸ್ಕ್ರೀನಿನಲ್ಲಿ 37 ಪರ್ಸೆಂಟ್. ಟೀ ಕುಡಿದು ಬಂದರೂ 37. "ಸಾಫ್ಟ್‌ವೇರ್ ಸ್ಲೋ" ಅಂತ ಅವರು, ಕೇಬಲ್ ಬದಲಿಸಿ ಅಂತ ನಾನು.

ತಪ್ಪು ಎರಡರದ್ದೂ ಅಲ್ಲ. ಹಾಳಾದ ಸೆಕ್ಟರ್ ಸಿಕ್ಕಿದಾಗ ಹಾರ್ಡ್ ಡಿಸ್ಕ್ ಕೈಬಿಡುವುದಿಲ್ಲ, ಮತ್ತೆ ಮತ್ತೆ ಓದಲು ನೋಡುತ್ತದೆ. ಅದು ಉತ್ತರ ಕೊಡುವವರೆಗೆ ಕೇಳಿದವರು ಕಾಯಬೇಕು. ಬೂಟ್ ಆಗುವಾಗ ವಿಂಡೋಸ್ ಕಾಯುತ್ತಿತ್ತು, ಈಗ ಕ್ಲೋನಿಂಗ್ ಸಾಫ್ಟ್‌ವೇರ್ ಕಾಯುತ್ತಿತ್ತು, ಅಷ್ಟೇ. ಸಾಲದ್ದಕ್ಕೆ ಕ್ಲೋನ್ ಪೂರ್ತಿಯಾದರೂ ಓದಲಾಗದ ಸಿಸ್ಟಮ್ ಫೈಲುಗಳು ಹೊಸದರಲ್ಲೂ ಸರಿಯಾಗಿ ಇರುವುದಿಲ್ಲ.

ಅದಕ್ಕೇ ಕ್ಲೋನ್ ಬಿಡಿಸಿ, ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ 10 ಹಾಕಿಸಿದೆ. ಲೈಸೆನ್ಸ್ ಮದರ್‌ಬೋರ್ಡಿನ ಲೆಕ್ಕದಲ್ಲಿ ಇರುವುದರಿಂದ ಇಂಟರ್ನೆಟ್ ಸಿಕ್ಕಿದ ಕೂಡಲೇ ತಾನಾಗಿ ಆಕ್ಟಿವೇಟ್ ಆಯಿತು. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಅಮ್ಮನ ಫೋಲ್ಡರುಗಳನ್ನು ಒಂದೊಂದಾಗಿ ಎಳೆದುಕೊಂಡೆ. ಬೇಕೇಬೇಕಾದ್ದು ಮೊದಲು, ನಿಂತ ಫೋಲ್ಡರ್ ಕೊನೆಗೆ. ಮದುವೆಯೊಂದರ ಕೆಲವು ಫೋಟೋ ಹೋದವು. ಚಿಕ್ಕಮ್ಮನ ಹತ್ತಿರ ಇವೆ ಬಿಡಿ.

ಮಿಂಟನ್ನೇ ಇಟ್ಟುಕೊಳ್ಳಬಹುದಿತ್ತು. ಆದರೆ ಅಮ್ಮ ಮಹಿಳಾ ಸಮಾಜದ ವರದಿ ಬರೆಯುವುದು ನುಡಿ ಸಾಫ್ಟ್‌ವೇರಿನಲ್ಲಿ, ಹಳೆಯವೆಲ್ಲ ಯೂನಿಕೋಡ್ ಅಲ್ಲದ ಹಳೇ ಫಾಂಟಿನವು. ಮಿಂಟಿನಲ್ಲಿ ಆ ಫಾಂಟ್ ಹಾಕಿದರೆ ಓದಲು ಸಿಗುತ್ತವೆ, ತಿದ್ದುವುದು ಕಷ್ಟ. ಬ್ರೌಸರ್ ಒಂದೇ ಸಾಕು ಎನ್ನುವವರಿಗೆ ಮಿಂಟೇ ವಾಸಿ, ಯಾಕೆಂದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದಿದೆ. ನಾನು ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಸೇರಿಕೊಂಡಿದ್ದೇನೆ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ 18 ಸಾವಿರ ಹೇಳಿದರು. ನನಗೆ ಎಸ್‌ಎಸ್‌ಡಿ, ಕೇಸು, ಕೂಲಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಅಮ್ಮನಿಗೆ ಕೀಬೋರ್ಡೂ ಬದಲಾಗಲಿಲ್ಲ. ನಿಮ್ಮದು ಸ್ಟೋರೇಜ್ ಬೋರ್ಡಿಗೇ ಬೆಸುಗೆಯಾಗಿರುವ ಇಎಂಎಂಸಿ ಮಾಡೆಲ್ ಆದರೆ ಈ ದಾರಿ ಇಲ್ಲ. ಆಗ ಸೆಕೆಂಡ್ ಹ್ಯಾಂಡೇ ನೋಡಿ, ವಿಂಡೋಸ್ 11 ಬೇಕಿದ್ದರೆ ಇಂಟೆಲ್ ಎಂಟನೇ ಜನರೇಷನ್‌ಗಿಂತ ಕೆಳಗಿನದು ಬೇಡ.