ಕಾರಿನೊಳಗೆ ನೀರು: ಹುಡುಕಲು ಪೈಪೋ ಸೋಪಿನ ನೊರೆಯೋ, ಮುಚ್ಚಲು ಸಿಲಿಕೋನೋ ಬ್ಯುಟೈಲೋ?

ಮೊದಲೇ ಹೇಳಿಬಿಡುತ್ತೇನೆ: ಸೋರುವ ಜಾಗ ಹುಡುಕಲು ನನ್ನ ಮತ ಗಿಡಕ್ಕೆ ನೀರು ಬಿಡುವ ಪೈಪಿಗೆ, ಮುಚ್ಚಲು ಬ್ಯುಟೈಲ್ ಟೇಪಿಗೆ, ಅಂದರೆ ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿಗೆ. ಎಲ್ಲವನ್ನೂ ಬಳಸಿ ನೋಡಿಯೇ ಈ ಮಾತು.

ಯಾವುದಕ್ಕೂ ಕೈಹಾಕುವ ಮುನ್ನ ನೀರನ್ನು ಮುಟ್ಟಿ ನೋಡಿ. ಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಮಳೆನೀರಲ್ಲ, ಹೀಟರಿನಿಂದ ಸೋರಿದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಎಸಿ ಹಾಕಿದಾಗ ಮಾತ್ರ ಮುಂದಿನ ಮ್ಯಾಟ್ ನೆನೆಯುತ್ತಿದ್ದರೆ ಎಸಿ ನೀರು ಹೊರಹೋಗುವ ಟ್ಯೂಬ್ ಕಟ್ಟಿಕೊಂಡಿರುತ್ತದೆ. ಇವೆರಡಕ್ಕೂ ಟೇಪು, ಅಂಟು ಬೇಕಿಲ್ಲ.

ಸೋಪಿನ ನೊರೆಯ ಉಪಾಯ ಜಾಣತನದ್ದು. ಗಾಜು ಏರಿಸಿ, ಹೊರಗಾಳಿ ಒಳಬರುವಂತೆ ಬ್ಲೋವರನ್ನು ಪೂರ್ತಿ ಜೋರಿಗಿಟ್ಟು, ಬಾಗಿಲು ಮುಚ್ಚಿ ಹೊರಗಿನಿಂದ ಸೋಪ್ ನೀರು ಸಿಂಪಡಿಸಬೇಕು. ಸಂದಿದ್ದಲ್ಲಿ ಗುಳ್ಳೆ ಏಳುತ್ತದೆ. ಒಬ್ಬರೇ ಮಾಡಬಹುದು, ಸೀಟೂ ನೆನೆಯದು. ಟೈಲ್ ಲ್ಯಾಂಪಿನ ಗ್ಯಾಸ್ಕೆಟ್, ಗಾಜಿನ ಅಂಚು, ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಇಂಥ ಕಡೆಗಳಿಗೆ ಸರಿ. ಆದರೆ ಗಾಳಿ ಹೊರಹೋಗಲೆಂದೇ ಬಹಳಷ್ಟು ಕಾರುಗಳಲ್ಲಿ ಹಿಂದಿನ ಬಂಪರಿನ ಮರೆಯಲ್ಲಿ ಕಿಂಡಿಗಳಿರುತ್ತವೆ. ಅವನ್ನು ಮುಚ್ಚದಿದ್ದರೆ ಒತ್ತಡ ನಿಲ್ಲುವುದಿಲ್ಲ, ಮುಚ್ಚಲು ಹೊರಟರೆ ಡಿಕ್ಕಿಯ ಪಕ್ಕದ ಹೊದಿಕೆ ಬಿಚ್ಚಬೇಕು.

ಪೈಪಿಗೆ ಜೆಟ್ ಬೇಡ, ನೀರು ಸುಮ್ಮನೆ ಹರಿದರೆ ಸಾಕು. ಕೆಳಗಿನಿಂದ ಶುರುಮಾಡಿ, ಒಂದೊಂದು ಜಾಗದಲ್ಲೂ ಕೆಲವು ನಿಮಿಷ ನಿಂತು ಮೇಲೇರಬೇಕು. ಮೇಲಿನಿಂದ ಬಿಟ್ಟರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆದು ಕಳ್ಳ ಯಾರೆಂದು ತಿಳಿಯುವುದಿಲ್ಲ. ಒಳಗೆ ಟಾರ್ಚ್ ಹಿಡಿದು ಕೂರಲು ಇನ್ನೊಬ್ಬರು ಬೇಕು, ಅದೊಂದೇ ತೊಡಕು. ಕಾರ್ಪೆಟನ್ನು ಮೊದಲೇ ಎತ್ತಿಡಿ. ಅಡಿಯ ಫೋಮಿನಲ್ಲಿ ಉಳಿದ ಹಳೇ ನೀರು ಹೊಸ ಸೋರಿಕೆಯೆಂದು ನಂಬಿಸುತ್ತದೆ.

ನನ್ನ ಕಾರಿನಲ್ಲಿ ಸಿಕ್ಕಿಬಿದ್ದದ್ದು ಬಾಗಿಲು. ಕಿಟಕಿ ಗಾಜಿನ ಸಂದಿನಿಂದ ಮಳೆನೀರು ಬಾಗಿಲೊಳಗೆ ಇಳಿದು ಕೆಳಗಿನ ತೂತುಗಳಿಂದ ಹೊರಹೋಗುವುದು ಸಹಜ. ಅದು ಕಾರಿನೊಳಕ್ಕೆ ಬರದಂತೆ ಡೋರ್ ಪ್ಯಾಡಿನ (ಬಾಗಿಲಿನ ಒಳಹೊದಿಕೆಯ) ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನೊರೆ ಇದನ್ನು ತೋರಿಸಲೇ ಇಲ್ಲ. ಗಾಜಿನ ಮೇಲೆ ನೀರು ಬಿಟ್ಟಾಗ ಪ್ಯಾಡಿನ ಅಡಿಯಿಂದ ಜಿನುಗಿತು.

ಹಿಂದೊಮ್ಮೆ ಪವರ್ ವಿಂಡೋ ರಿಪೇರಿ ಮಾಡಿದವರು ಆ ಹಾಳೆಯನ್ನು ಸಿಲಿಕೋನ್ ಹಾಕಿ ಕೂರಿಸಿದ್ದರು. ಪಾಲಿಥೀನಿಗೆ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಹಾಳೆಯ ಕೆಳ ಅಂಚು ಎದ್ದಿತ್ತು. ಆದರೆ ಬಾಗಿಲಿನ ತಗಡನ್ನು ಮಾತ್ರ ಸಿಲಿಕೋನ್ ಬಿಡಲೊಲ್ಲದು! ಒಮ್ಮೆ ಗಟ್ಟಿಯಾದರೆ ಥಿನ್ನರಿಗೂ ಕರಗದು. ತೆಳು ಪದರ ಉಳಿದರೂ ಅದರ ಮೇಲೆ ಬ್ಯುಟೈಲ್ ಕೂರುವುದಿಲ್ಲ, ಪೇಂಟ್ ನಿಲ್ಲುವುದಿಲ್ಲ, ಹೊಸ ಸಿಲಿಕೋನ್ ಕೂಡ ನೆಟ್ಟಗೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೂ ಕೆರೆದೂ ಬೆರಳು ನೋಯತೊಡಗಿತು. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಹೋದ ಬರಿ ತಗಡಿಗೆ ಅದು ತುಕ್ಕಿನ ಆಹ್ವಾನ.

ಬ್ಯುಟೈಲ್ ಗಟ್ಟಿಯಾಗುವುದೇ ಇಲ್ಲ. ಒತ್ತಿದರೆ ಕೂರುತ್ತದೆ, ಎಳೆದರೆ ಬಿಡುತ್ತದೆ, ಮತ್ತೆ ಒತ್ತಬಹುದು. ಬಿಸಿಲಿಗೆ ನೂಲುನೂಲಾಗಿ ಅಂಗಿಗೆಲ್ಲ ಮೆತ್ತಿಕೊಳ್ಳುತ್ತದೆ, ನಿಜ.

ಮುಂದಿನ ಗಾಜಿನ ಅಂಚು ಸೋರಿದರೆ ಎರಡೂ ಬೇಡ. ಅದನ್ನು ಅಂಟಿಸುವುದು ಪಾಲಿಯುರೆಥೇನಿನಿಂದ, ಗಾಜಿನ ಕೆಲಸದವರಿಗೇ ಬಿಡಿ. ಹರಿದ ಬೀಡಿಂಗ್ ಬದಲಿಸಿ.

ಸ್ಪೀಕರ್, ಕಿಟಕಿ ಮೋಟಾರ್ ಎಂದು ಆಗಾಗ ಪ್ಯಾಡ್ ಬಿಚ್ಚುವ ಚಟ ನನ್ನದು. ಬಿಚ್ಚಿ ಮುಚ್ಚಲು ಬರುವ ಅಂಟೇ ನನಗೆ ಬೇಕು. ಸಿಲಿಕೋನ್ ಟ್ಯೂಬಿಗಿಂತ ಟೇಪಿನ ರೋಲಿಗೆ ತುಸು ಹೆಚ್ಚೇ ಕೊಟ್ಟೆ, ಆದರೆ ನಾಲ್ಕೂ ಬಾಗಿಲಿಗೆ ಸಾಕಾಗಿ ಇನ್ನೂ ಮಿಕ್ಕಿದೆ. ಪೈಪಂತೂ ಮನೆಯಲ್ಲೇ ಇತ್ತು.