ಕ್ಯಾಲಿಫೋರ್ನಿಯಾ ಡಿಎಂವಿ ಲಿಖಿತ ಪರೀಕ್ಷೆ: ಪುಕ್ಕಟೆ ಹ್ಯಾಂಡ್‌ಬುಕ್ಕೇ ಸಾಕು, ದುಡ್ಡಿನ ಆ್ಯಪ್ ಬೇಕಿಲ್ಲ

ಕ್ಯಾಲಿಫೋರ್ನಿಯಾದ ಡ್ರೈವಿಂಗ್ ಲೈಸೆನ್ಸ್ ಲಿಖಿತ ಪರೀಕ್ಷೆಗೆ ಓದಿಕೊಳ್ಳಲು ಮೂರು ಬಗೆಯ ಸಾಮಗ್ರಿ ಸಿಗುತ್ತದೆ. ರಾಜ್ಯದ ಮೋಟಾರು ವಾಹನ ಇಲಾಖೆಯಾದ ಡಿಎಂವಿಯೇ ಪುಕ್ಕಟೆ ಕೊಡುವ ಹ್ಯಾಂಡ್‌ಬುಕ್, ಅದರದೇ ಜಾಲತಾಣದಲ್ಲಿರುವ ಮಾದರಿ ಪರೀಕ್ಷೆಗಳು, ಆಮೇಲೆ ಆ್ಯಪ್ ಸ್ಟೋರಿನಲ್ಲಿ ಸಾಲುಗಟ್ಟಿ ನಿಂತಿರುವ ಖಾಸಗಿ ಪ್ರಶ್ನೆಕೋಶಗಳು. ತೀರ್ಮಾನ ಮೊದಲೇ ಹೇಳಿಬಿಡೋಣ: ಮೊದಲಿನ ಎರಡು ಸಾಕು. ಮೂರನೆಯದಕ್ಕೆ ತಿಂಗಳ ಚಂದಾ ಕಟ್ಟುವುದು ದಂಡ. ದುಡ್ಡು ಹೋದರೆ ಹೋಗಲಿ, ಹಳಸಲು ಉತ್ತರ ತಲೆಗೆ ತುಂಬಿಸಿ ಕೈಕೊಡುವ ಆ್ಯಪ್‌ಗಳೂ ಇವುಗಳಲ್ಲಿವೆ.

ಪರೀಕ್ಷೆಯ ಲೆಕ್ಕ ಸರಳ. 18 ತುಂಬಿದವರಿಗೆ 36 ಪ್ರಶ್ನೆ, 30 ಸರಿಯಿರಬೇಕು. 18ರ ಒಳಗಿನವರಿಗೆ 46 ಪ್ರಶ್ನೆ, 38 ಸರಿಯಿರಬೇಕು. ಅಂದರೆ ದೊಡ್ಡವರಿಗೆ ಆರು ತಪ್ಪಿಗೆ ಮಾಫಿ, ಏಳನೆಯದಕ್ಕೆ ಫೇಲು. ಒಂದು ಅರ್ಜಿ ಶುಲ್ಕಕ್ಕೆ 12 ತಿಂಗಳೊಳಗೆ ಮೂರು ಅವಕಾಶ. ಮೂರೂ ಕೈತಪ್ಪಿದರೆ ಅರ್ಜಿ, ಶುಲ್ಕ ಎಲ್ಲ ಹೊಸದಾಗಿ. ಫೇಲಾದ ಅಪ್ರಾಪ್ತ ವಯಸ್ಕರು ಮತ್ತೆ ಬರೆಯಲು ಏಳು ದಿನ ಕಾಯಬೇಕು. ಪ್ರಶ್ನೆಗಳೆಲ್ಲ ಬಹು ಆಯ್ಕೆಯವು. ಕನ್ನಡದಲ್ಲಿ ಪರೀಕ್ಷೆ ಇಲ್ಲ, ಹಾಗಾಗಿ ನಮ್ಮವರು ಬಹುಪಾಲು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಹೇಗೂ ರಸ್ತೆಯ ಫಲಕಗಳು ಇಂಗ್ಲಿಷಿನಲ್ಲೇ ಇರುವುದರಿಂದ ಅದರಲ್ಲೇ ಕಲಿಯುವುದು ಲೇಸು. ಓದುವುದು ಕಷ್ಟವೆನ್ನುವವರಿಗೆ ಆಡಿಯೊ ಪರೀಕ್ಷೆಯ ಅನುಕೂಲವೂ ಉಂಟು.

ಇನ್ನು ಹ್ಯಾಂಡ್‌ಬುಕ್. ಡಿಎಂವಿ ಜಾಲತಾಣದಲ್ಲಿ ಪಿಡಿಎಫ್ ಆಗಿಯೂ ಪುಟಪುಟವಾಗಿಯೂ ಸಿಗುತ್ತದೆ. ಜಾಲತಾಣದ ವಿಳಾಸ ಡಾಟ್ ಗವ್ (.gov) ಎಂದು ಕೊನೆಯಾಗುತ್ತದೆಯೇ ನೋಡಿಕೊಳ್ಳಿ. ಇದೇ ಪುಸ್ತಕವನ್ನು ಬಣ್ಣ ಬಳಿದು ಮಾರುವ, ಹೆಸರಿನಲ್ಲಿ ಡಿಎಂವಿ ಅಂಟಿಸಿಕೊಂಡ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ. ಮುಖಪುಟದ ಇಸವಿಯನ್ನೂ ನೋಡಿ. ಗೆಳೆಯರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವ ಪ್ರತಿ ಎಷ್ಟು ವರ್ಷದ್ದೋ ಯಾರಿಗೆ ಗೊತ್ತು.

ಪುಸ್ತಕದ ಇಂಗ್ಲಿಷ್ ತಿಳಿಯಾಗಿದೆ, ಚಿತ್ರಗಳು ಚೆನ್ನಾಗಿವೆ. ಕೊರತೆಯಿರುವುದು ಜೋಡಣೆಯಲ್ಲಿ. ಮೊದಲ ಪುಟದಿಂದ ಕಾದಂಬರಿಯ ಹಾಗೆ ಓದಲು ಕೂತರೆ ಲೈಸೆನ್ಸಿನ ಬಗೆಗಳು, ದಾಖಲೆಗಳು, ಅರ್ಜಿಯ ವಿಧಿವಿಧಾನಗಳಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ನೇರವಾಗಿ ‘ನ್ಯಾವಿಗೇಟಿಂಗ್ ದ ರೋಡ್ಸ್’ ಭಾಗಕ್ಕೆ ಹೋಗಿ, ಅಲ್ಲಿಂದ ‘ಲಾಸ್ ಅಂಡ್ ರೂಲ್ಸ್ ಆಫ್ ದ ರೋಡ್’, ‘ಸೇಫ್ ಡ್ರೈವಿಂಗ್’, ‘ಆಲ್ಕೋಹಾಲ್ ಅಂಡ್ ಡ್ರಗ್ಸ್’ ಮುಗಿಸಿ. ವಿಮೆ ಮತ್ತು ಅಪಘಾತದ ಭಾಗ ಚಿಕ್ಕದು, ಆದರೆ ಬಿಡಬೇಡಿ. ಆರಂಭದ ಪುಟಗಳನ್ನು ಕೊನೆಗೆ ಒಮ್ಮೆ ಕಣ್ಣಾಡಿಸಿದರೆ ಸಾಕು.

ಎರಡನೆಯ ಕೊರತೆ ಅಂಕಿಗಳದು. ಅಡಿ, ಮೈಲಿ, ದಿನಗಳ ಲೆಕ್ಕ ಅಧ್ಯಾಯ ಅಧ್ಯಾಯದಲ್ಲೂ ಚದುರಿಕೊಂಡಿದೆ. ಎಲ್ಲವೂ ಒಂದೆಡೆ ಸಿಗುವ ಪಟ್ಟಿ ಇಲ್ಲ. ಓದುತ್ತಾ ಒಂದು ಹಾಳೆಯಲ್ಲಿ ನೀವೇ ಬರೆದುಕೊಳ್ಳಬೇಕು. ವಿಷಯವಾರು ಬರೆಯುವುದಕ್ಕಿಂತ ಸಂಖ್ಯೆಯವಾರು ಬರೆದರೆ ನೆನಪಲ್ಲಿ ನಿಲ್ಲುತ್ತದೆ, ಏಕೆಂದರೆ ಒಂದೇ ಸಂಖ್ಯೆಗೆ ಹಲವು ಗಿರಾಕಿಗಳಿದ್ದಾರೆ. 200 ಅಡಿಯನ್ನೇ ತೆಗೆದುಕೊಳ್ಳಿ: ಬಲಕ್ಕೆ ತಿರುಗುವ ಮುನ್ನ ಸೈಕಲ್ ಲೇನಿಗೆ ಇಳಿಯಬಹುದಾದ ಗರಿಷ್ಠ ದೂರ, ರಸ್ತೆ ನಡುವಿನ ಎಡತಿರುವಿನ ಲೇನಿನಲ್ಲಿ ಸಾಗಬಹುದಾದ ಗರಿಷ್ಠ ದೂರ, ಎರಡೂ ದಿಕ್ಕಿನಲ್ಲಿ ಇಷ್ಟು ಕಾಣದಿದ್ದರೆ ಯು-ಟರ್ನ್ ಮಾಡಬಾರದೆಂಬ ಮಿತಿ. 300 ಅಡಿಗೆ ಇಬ್ಬರು: ಸೈರನ್ ಹಾಕಿಕೊಂಡು ಹೋಗುವ ತುರ್ತುವಾಹನದ ಹಿಂದೆ ಬಿಡಬೇಕಾದ ಅಂತರ, ಮುಂದಿನ ವಾಹನವನ್ನು ಸಮೀಪಿಸುವಾಗ ಹೈಬೀಮ್ ಇಳಿಸಬೇಕಾದ ದೂರ. ಎದುರಿನಿಂದ ಬರುವ ವಾಹನಕ್ಕಾದರೆ ಹೈಬೀಮ್ 500 ಅಡಿಯಲ್ಲೇ ಇಳಿಸಬೇಕು. ತಿರುಗುವ ಮುನ್ನ ಇಂಡಿಕೇಟರ್ 100 ಅಡಿ ಮೊದಲೇ, ಫ್ರೀವೇಯಲ್ಲಿ ಲೇನ್ ಬದಲಿಸುವಾಗ ಕನಿಷ್ಠ 5 ಸೆಕೆಂಡ್ ಮೊದಲೇ. 1,000 ಅಡಿ ದೂರ ಕಾಣದಿದ್ದರೆ ಹೆಡ್‌ಲೈಟ್ ಹಾಕಬೇಕು. ವೈಪರ್ ಓಡುತ್ತಿದ್ದರೆ ಹೆಡ್‌ಲೈಟ್ ಹತ್ತಿರಲೇಬೇಕು.

ದಿನಗಳ ಲೆಕ್ಕದಲ್ಲೂ ಹೀಗೆಯೇ. ವಾಹನ ಮಾರಿದರೆ 5 ದಿನದಲ್ಲಿ ತಿಳಿಸಬೇಕು. ವಿಳಾಸ ಬದಲಾದರೆ 10 ದಿನ. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಅಥವಾ ನಷ್ಟ 1,000 ಡಾಲರ್ ಮೀರಿದ್ದರೆ ಡಿಎಂವಿಗೆ ವರದಿ ಮಾಡಲೂ 10 ದಿನ. ರಾಜ್ಯದ ನಿವಾಸಿಯಾದ ಮೇಲೆ ಇಲ್ಲಿಯ ಲೈಸೆನ್ಸ್ ಪಡೆಯಲೂ 10 ದಿನ. ಹೊರರಾಜ್ಯದಿಂದ ತಂದ ಕಾರಿನ ನೋಂದಣಿಗೆ ಮಾತ್ರ 20.

ವೇಗದ ಪ್ರಶ್ನೆಗಳಲ್ಲಿ ಎಡವುವವರು ಹೆಚ್ಚಾಗಿ ಗಂಟೆಗೆ 15 ಮತ್ತು 25 ಮೈಲಿಯ ನಡುವೆ ಎಡವುತ್ತಾರೆ. ಫಲಕವಿಲ್ಲದ ವಸತಿ ಬೀದಿ, ವ್ಯಾಪಾರ ಪ್ರದೇಶ, ಮಕ್ಕಳು ಹೊರಗಿರುವ ಶಾಲೆಯ ಆಸುಪಾಸು: 25. ಕಣ್ಣಿಗೆ ಏನೂ ಕಾಣದ ಜಾಗಗಳು: 15. ಕಾಣದ ಜಾಗ ಎಂದರೆ ಓಣಿ, ಎರಡೂ ಬದಿ 100 ಅಡಿ ಕಾಣದ ಸ್ಟಾಪ್ ಫಲಕವಿಲ್ಲದ ಕೂಡುರಸ್ತೆ, ಹಳಿ 100 ಅಡಿಯೊಳಗಿದ್ದು ಎರಡೂ ದಿಕ್ಕಿಗೆ 400 ಅಡಿ ಕಾಣದ ರೈಲ್ವೆ ಕ್ರಾಸಿಂಗ್. ಸುಮ್ಮನೆ ಉರುಹೊಡೆಯುವ ಬದಲು ‘ಕಾಣದಿದ್ದರೆ 15’ ಎಂದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಎರಡು ಲೇನಿನ, ನಡುವೆ ವಿಭಜಕವಿಲ್ಲದ ಹೆದ್ದಾರಿಗೆ 55, ಫ್ರೀವೇಗೆ ಸಾಮಾನ್ಯವಾಗಿ 65. ಟ್ರೇಲರ್ ಎಳೆದುಕೊಂಡು ಹೋಗುವಾಗ ಎಲ್ಲಿದ್ದರೂ 55 ಮೀರುವಂತಿಲ್ಲ. ಇವೆಲ್ಲದರ ಮೇಲೆ ಕೂತಿರುವುದು ‘ಬೇಸಿಕ್ ಸ್ಪೀಡ್ ಲಾ’: ಫಲಕ ಏನೇ ಹೇಳಲಿ, ಆ ಕ್ಷಣದ ಸ್ಥಿತಿಗೆ ಸುರಕ್ಷಿತವಾದ ವೇಗಕ್ಕಿಂತ ಹೆಚ್ಚು ಹೋಗುವಂತಿಲ್ಲ. ಮಂಜು, ಮಳೆ, ಜನಜಂಗುಳಿ ಎಂದು ಪ್ರಶ್ನೆ ಶುರುವಾದರೆ ಉತ್ತರ ಬಹುಮಟ್ಟಿಗೆ ಈ ನಿಯಮದಲ್ಲೇ ಇರುತ್ತದೆ. ಒದ್ದೆ ರಸ್ತೆಯಲ್ಲಿ 5ರಿಂದ 10 ಮೈಲಿ ಕಡಿಮೆ, ಗಟ್ಟಿಯಾದ ಹಿಮದ ಮೇಲೆ ವೇಗ ಅರ್ಧಕ್ಕೆ.

ಹ್ಯಾಂಡ್‌ಬುಕ್ ನಿಜಕ್ಕೂ ಗೆಲ್ಲುವುದು ಕಾರಣ ಹೇಳುವಲ್ಲಿ. ಇಳಿಜಾರಿನ ಪಾರ್ಕಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಆ್ಯಪ್‌ಗಳು ‘ಇಳಿಮುಖ: ಚಕ್ರ ಕರ್ಬಿನ (ರಸ್ತೆಯಂಚಿನ ಕಟ್ಟೆಯ) ಕಡೆಗೆ, ಏರುಮುಖ: ಕರ್ಬಿನಿಂದಾಚೆಗೆ, ಕರ್ಬ್ ಇಲ್ಲದಿದ್ದರೆ: ಬಲಕ್ಕೆ’ ಎಂದು ಮೂರು ಸಾಲು ಕೊಟ್ಟು ಕೈತೊಳೆದುಕೊಳ್ಳುತ್ತವೆ, ಪರೀಕ್ಷೆಯ ಕೋಣೆಯಲ್ಲಿ ಅವು ಅದಲುಬದಲಾಗುತ್ತವೆ. ಬ್ರೇಕ್ ಕೈಕೊಟ್ಟರೆ ಕಾರು ಎತ್ತ ಉರುಳುತ್ತದೆ ಎಂದು ಯೋಚಿಸಿ. ಇಳಿಮುಖವಾಗಿ ನಿಂತ ಕಾರು ಮುಂದಕ್ಕೆ ಉರುಳುತ್ತದೆ. ಚಕ್ರ ಕರ್ಬಿನತ್ತ ತಿರುಗಿದ್ದರೆ ಅಲ್ಲೇ ಒತ್ತಿ ನಿಲ್ಲುತ್ತದೆ. ಏರುಮುಖವಾಗಿ ನಿಂತದ್ದು ಹಿಂದಕ್ಕೆ ಉರುಳುತ್ತದೆ. ಮುಂಚಕ್ರ ಎಡಕ್ಕೆ ತಿರುಗಿದ್ದರೆ ಅದರ ಹಿಂಬದಿ ಬಂದು ಕರ್ಬಿಗೆ ತಾಗುತ್ತದೆ. ಅದಕ್ಕೇ ಚಕ್ರ ತಿರುಗಿಸಿ, ಕೆಲವು ಇಂಚು ಹಿಂದಕ್ಕೆ ಬಿಟ್ಟು, ಮೆಲ್ಲಗೆ ತಾಗಿಸಿ ನಿಲ್ಲಿಸಿ ಎನ್ನುವುದು. ಕರ್ಬೇ ಇಲ್ಲದಿದ್ದರೆ ತಡೆಯಲು ಏನೂ ಇಲ್ಲ. ಕಾರು ರಸ್ತೆಯ ನಡುವೆ ಹೋಗದೆ ಅಂಚಿಗೆ ಹೋಗಲೆಂದು ಏರಾದರೂ ಇಳಿಯಾದರೂ ಬಲಕ್ಕೆ. ಇಷ್ಟು ತಿಳಿದವರು ಈ ಪ್ರಶ್ನೆಯನ್ನು ಎಂದೂ ತಪ್ಪುವುದಿಲ್ಲ.

ಡಿಎಂವಿಯ ಮಾದರಿ ಪರೀಕ್ಷೆಗಳು ಚಿಕ್ಕವು, ಅದೇ ಅವುಗಳ ದೋಷ. ಕೆಲವು ಸಲ ಮಾಡಿದರೆ ಪ್ರಶ್ನೆಗಳು ಬಾಯಿಪಾಠವಾಗಿ ಅಂಕ ಸುಮ್ಮನೆ ಏರುತ್ತದೆ. ಆದರೂ ಪ್ರಶ್ನೆಯ ಧಾಟಿ ಹಿಡಿಯಲು ಇವಕ್ಕಿಂತ ಒಳ್ಳೆಯದು ಇಲ್ಲ, ಅಸಲಿ ಪರೀಕ್ಷೆಯ ಭಾಷೆ ಇದೇ. ಸರಿಯುತ್ತರಕ್ಕೆ ಅಂಟಿಕೊಂಡೇ ಒಂದು ಮುಕ್ಕಾಲು ಸರಿಯಿರುವ ಆಯ್ಕೆ ಕೂತಿರುತ್ತದೆ. ‘ಯಾವಾಗಲೂ’, ‘ಎಂದಿಗೂ’, ‘ಮಾತ್ರ’ ಎಂಬರ್ಥದ ಪದ ಕಂಡಲ್ಲಿ ನಿಂತು ಓದಿ. ಕೆಂಪು ದೀಪ ಮಿನುಗಿಸುತ್ತಾ ನಿಂತ ಶಾಲಾ ಬಸ್ಸಿನ ಪ್ರಶ್ನೆ ಹೀಗೇ ಬೀಳಿಸುತ್ತದೆ. ‘ಯಾವಾಗಲೂ ನಿಲ್ಲಬೇಕು’ ಎಂಬ ಆಯ್ಕೆ ಸಜ್ಜನರಿಗೆ ಸರಿಯೆನಿಸುತ್ತದೆ. ಆದರೆ ನಡುವೆ ವಿಭಜಕವಿದ್ದರೆ, ಅಥವಾ ಒಂದೊಂದು ದಿಕ್ಕಿಗೆ ಎರಡು ಇಲ್ಲವೇ ಹೆಚ್ಚು ಲೇನಿದ್ದರೆ, ಎದುರು ಬದಿಯವರು ನಿಲ್ಲಬೇಕಿಲ್ಲ.

ಈಗ ಆ್ಯಪ್‌ಗಳು. ಅವುಗಳ ಬಲ ಸಂಖ್ಯೆ, ನೂರಾರು ಪ್ರಶ್ನೆ. ಬಲಹೀನತೆಯೆಂದರೆ ಹಲವು ಆ್ಯಪ್‌ಗಳು ಐವತ್ತೂ ರಾಜ್ಯಕ್ಕೆ ಒಂದೇ ಅಚ್ಚಿನಲ್ಲಿ ಹೊಯ್ದವು, ಕಾನೂನು ಬದಲಾದಾಗ ಯಾರೂ ತಿದ್ದುವುದಿಲ್ಲ. ಹಿಟ್ಟೋ ತೌಡೋ ತಿಳಿಯಲು ಮೂರು ವಿಷಯ ಕೆದಕಿ ನೋಡಿ.

ಒಂದು, ವಿಮೆಯ ಕನಿಷ್ಠ ಮಿತಿ. 2025ರ ಜನವರಿ 1ರಿಂದ ಅದು ಒಬ್ಬರ ಗಾಯ ಅಥವಾ ಸಾವಿಗೆ 30,000 ಡಾಲರ್, ಒಬ್ಬರಿಗಿಂತ ಹೆಚ್ಚಿದ್ದರೆ 60,000, ಆಸ್ತಿ ಹಾನಿಗೆ 15,000. ಆ್ಯಪ್ ಇನ್ನೂ 15,000, 30,000, 5,000 ಎನ್ನುತ್ತಿದ್ದರೆ ಅದು ಹಳೆಯ ಸರಕು. ಎರಡು, ಪಾದಚಾರಿಗಳು ರಸ್ತೆ ದಾಟುವ ಕ್ರಾಸ್‌ವಾಕಿನ ಪಕ್ಕದ ಪಾರ್ಕಿಂಗ್. ವಾಹನಗಳು ಬರುವ ಬದಿಯಲ್ಲಿ ಕ್ರಾಸ್‌ವಾಕಿನಿಂದ 20 ಅಡಿಯೊಳಗೆ ನಿಲ್ಲಿಸುವಂತಿಲ್ಲ, ಕರ್ಬಿಗೆ ಕೆಂಪು ಬಳಿದಿರಲಿ ಬಿಡಲಿ. ಪಾದಚಾರಿಗಳು ನಿಂತ ಕಾರಿನ ಮರೆಯಲ್ಲಿ ಕಾಣದೇ ಹೋಗಬಾರದೆಂಬ ಈ ನಿಯಮಕ್ಕೆ 2025ರಿಂದ ಟಿಕೆಟ್ ಹಾಕಲು ಶುರುಮಾಡಿದ್ದಾರೆ. ಮೂರು, ಸೈಕಲ್ ದಾಟುವ ನಿಯಮ. 3 ಅಡಿ ಅಂತರ ಎಲ್ಲರಿಗೂ ಗೊತ್ತು. 2023ರಿಂದ, ಸಾಧ್ಯವಿದ್ದಲ್ಲಿ ಪಕ್ಕದ ಲೇನಿಗೇ ಹೋಗಿ ದಾಟಬೇಕು. ಮೂರರಲ್ಲಿ ಒಂದು ತಪ್ಪಿದ್ದರೂ ಆ್ಯಪ್ ಅಳಿಸಿಹಾಕಿ. ಉಳಿದ ಪ್ರಶ್ನೆಗಳಲ್ಲಿ ಯಾವುದು ಹಳತು ಎಂದು ಹುಡುಕುತ್ತಾ ಕೂರುವ ಹೊತ್ತಿಗೆ ಹ್ಯಾಂಡ್‌ಬುಕ್ ಎರಡು ಸಲ ಓದಿಬಿಡಬಹುದು.

ಯೂಟ್ಯೂಬಿನ ‘ಇವಿಷ್ಟೇ ಪ್ರಶ್ನೆ ಬರೋದು’ ವಿಡಿಯೊಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಫಲಕಗಳನ್ನು ಗುರುತಿಸುವ ಅಭ್ಯಾಸಕ್ಕೆ ಸರಿ, ಅಷ್ಟೇ.

ಊರಲ್ಲಿ ವರ್ಷಗಟ್ಟಲೆ ಓಡಿಸಿ ಬಂದವರು ಒಂದಿಷ್ಟು ಕಡೆ ಹುಷಾರಾಗಿರಬೇಕು, ಏಕೆಂದರೆ ತಪ್ಪು ಹುಟ್ಟುವುದು ಅಜ್ಞಾನದಿಂದಲ್ಲ, ರೂಢಿಯಿಂದ. ಊರಿನ ‘ಫ್ರೀ ಲೆಫ್ಟ್’ ಇಲ್ಲಿ ಬಲಕ್ಕೆ ಬಂದಿದೆ ಅಂದುಕೊಂಡರೆ ಕೆಟ್ಟಿರಿ: ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವ ಮುನ್ನ ಚಕ್ರ ಪೂರ್ತಿ ನಿಲ್ಲಬೇಕು, ಪಾದಚಾರಿಗಳಿಗೂ ಬರುವ ವಾಹನಗಳಿಗೂ ದಾರಿ ಬಿಡಬೇಕು. ಕೆಂಪು ಬಾಣವಿದ್ದರೆ ತಿರುಗುವಂತೆಯೇ ಇಲ್ಲ. ಒನ್‌ವೇಯಿಂದ ಒನ್‌ವೇಗೆ ಕೆಂಪಿನಲ್ಲಿ ಎಡಕ್ಕೂ ತಿರುಗಬಹುದು ಎಂಬುದು ಹಲವರಿಗೆ ನಂಬಲಾಗದ ಸರಿಯುತ್ತರ. ಸಿಗ್ನಲ್ ಕೆಟ್ಟು ಕಪ್ಪಾಗಿದ್ದರೆ ನುಗ್ಗಿದವನೇ ಧೀರನಲ್ಲ. ಅದನ್ನು ನಾಲ್ಕೂ ಕಡೆ ಸ್ಟಾಪ್ ಫಲಕ ಇರುವ ಕೂಡುರಸ್ತೆಯಂತೆ ಕಾಣಬೇಕು. ಅಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಒಟ್ಟಿಗೇ ಬಂದರೆ ಬಲಗಡೆಯವರು. ಕಡಿದಾದ ಕಿರುದಾರಿಯಲ್ಲಿ ಏರುತ್ತಿರುವ ವಾಹನಕ್ಕೆ ಆದ್ಯತೆ ಎಂಬುದೊಂದು ಮಾತ್ರ ಚಾರ್ಮಾಡಿ, ಶಿರಾಡಿ ಕಂಡವರಿಗೆ ಹೊಸದಾಗಿ ಹೇಳಬೇಕಿಲ್ಲ.

ಮದ್ಯದ ಪ್ರಶ್ನೆಗಳನ್ನು ‘ನಾನು ಕುಡಿಯೋದೇ ಇಲ್ಲ’ ಎಂದು ಹಾರಿಸುವವರುಂಟು. ಪುಕ್ಕಟೆ ಅಂಕ ಬಿಡಬೇಡಿ. ರಕ್ತದಲ್ಲಿ ಮದ್ಯದ ಮಿತಿ 21 ಮತ್ತು ಮೇಲಿನವರಿಗೆ ಶೇ. 0.08, 21ರ ಒಳಗಿನವರಿಗೆ ಶೇ. 0.01, ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವವರಿಗೆ ಶೇ. 0.04. ಕರ್ಬಿನ ಬಣ್ಣಗಳೂ ಅಷ್ಟೇ ಸುಲಭದ ಅಂಕ: ಬಿಳಿ ಎಂದರೆ ಜನರನ್ನು ಹತ್ತಿಸಿ ಇಳಿಸುವಷ್ಟು ಹೊತ್ತು, ಹಸಿರು ಎಂದರೆ ಬರೆದಿರುವಷ್ಟು ಹೊತ್ತು, ಹಳದಿ ಜನ ಅಥವಾ ಸರಕು ಏರಿಳಿಸಲು, ನೀಲಿ ಅಂಗವಿಕಲರಿಗೆ, ಕೆಂಪಿನಲ್ಲಿ ನಿಲ್ಲಿಸುವಂತೆಯೇ ಇಲ್ಲ.

ಪರೀಕ್ಷೆಯ ದಿನದ ಸಿದ್ಧತೆಯಲ್ಲಿ ಜನ ಓದಿಗಿಂತ ಕಾಗದಪತ್ರದಲ್ಲೇ ಸೋಲುವುದು ಹೆಚ್ಚು. ಅರ್ಜಿಯನ್ನು ಮನೆಯಲ್ಲೇ ಆನ್‌ಲೈನ್ ತುಂಬಿ ಹೋಗಿ. ಪಾಸ್‌ಪೋರ್ಟ್, ಐ-94 (ಅಮೆರಿಕ ಪ್ರವೇಶದ ದಾಖಲೆ), ರಿಯಲ್ ಐಡಿ (ದೇಶದೊಳಗಿನ ವಿಮಾನ ಹತ್ತಲು ನಡೆಯುವ ಬಗೆಯ ಲೈಸೆನ್ಸ್) ಬೇಕಿದ್ದರೆ ವಿಳಾಸಕ್ಕೆ ಎರಡು ಬೇರೆ ಬೇರೆ ಪುರಾವೆ ಇರಲಿ. ನಮ್ಮ ಕಡೆಯ ಹೆಸರುಗಳ ತಾಪತ್ರಯ ಗೊತ್ತಿದ್ದದ್ದೇ: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿರುತ್ತದೆ, ಬ್ಯಾಂಕಿನ ಕಾಗದದಲ್ಲಿ ಬರೀ ಇನಿಷಿಯಲ್. ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಮೊದಲೇ ತಾಳೆ ನೋಡಿ. ಕಣ್ಣಿನ ತಪಾಸಣೆಯೂ ಅಲ್ಲೇ ಆಗುತ್ತದೆ, 20/40 ಬೇಕು. ಕನ್ನಡಕ ಮರೆಯಬೇಡಿ, ಆದರೆ ಹಾಕಿಕೊಂಡು ಪಾಸಾದರೆ ಹಾಕಿಕೊಂಡೇ ಓಡಿಸಬೇಕೆಂಬ ಷರತ್ತು ಲೈಸೆನ್ಸಿಗೆ ಬೀಳುತ್ತದೆ. ಸಂಜೆ 4:30ರ ನಂತರ ಹೋದರೆ ಲಿಖಿತ ಪರೀಕ್ಷೆಗೆ ಸಮಯ ಸಾಲದು. ಬೆಳಗ್ಗಿನ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಫೋನು, ಚೀಟಿ ಮುಟ್ಟಿದರೆ ಅದೊಂದಕ್ಕೇ ಫೇಲು.

ಪಾಸಾದ ಮೇಲೆ ಕೈಗೆ ಬರುವುದು ಪರ್ಮಿಟ್, ಅಂದರೆ ಕಲಿಯುವವರ ಪರವಾನಗಿ, ಲೈಸೆನ್ಸ್ ಅಲ್ಲ. 18 ತುಂಬಿದವರು ಪರ್ಮಿಟ್ಟಿನ ಮೇಲೆ ಅಭ್ಯಾಸ ಮಾಡುವಾಗ ಪಕ್ಕದ ಸೀಟಿನಲ್ಲಿ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ, 18 ದಾಟಿದ ಒಬ್ಬರು ಇರಲೇಬೇಕು. ಡ್ರೈವಿಂಗ್ ಪರೀಕ್ಷೆಯ ದಿನಾಂಕವನ್ನು ಅಂದೇ ನೋಡಲು ಶುರುಮಾಡಿ, ಅರ್ಜಿಯ 12 ತಿಂಗಳ ಗಡಿಯಾರ ಅದಕ್ಕೂ ಓಡುತ್ತಿರುತ್ತದೆ.